ಮನೆಯಲ್ಲಿ ತಮ್ಮ ಸುಮ್ನೆ ಕೂರುತ್ತಾನೆ, ಫೋನಿನಲ್ಲಿ ಮಾತೇ ಮಾತು

ಪ್ರಶ್ನೆ: ನಮ್ಮದು ರಬಕವಿ-ಬನಹಟ್ಟಿ. ನನ್ನ ತಮ್ಮನಿಗೆ 17 ವರ್ಷ. ಹುಟ್ಟಿದಾಗಿನಿಂದ ಕಿವಿ ಕೇಳಿಸಲ್ಲ. ಬೆಳಗಾವಿಯಲ್ಲಿ ಹಾಸ್ಟೆಲ್‌ನಲ್ಲಿದ್ದು ಕಿವುಡ ಮಕ್ಕಳ ಶಾಲೆಯಲ್ಲಿ ಓದಿದ. ಈ ವರ್ಷ ಎಸ್ಸೆಸ್ಸೆಲ್ಸಿ ಪಾಸಾಗಿ ಮನೆಗೆ ಬಂದಿದ್ದಾನೆ. ನಮ್ಮ ಯಾರ ಜೊತೆಗೂ ಬೆರೆಯಲ್ಲ. ರಾತ್ರಿ 12ರ ತನಕ ಗೆಳೆಯರ ಜೊತೆ ವಿಡಿಯೋ ಕಾಲ್‌ನಲ್ಲಿ ಕೈ ಆಡಿಸುತ್ತಿರುತ್ತಾನೆ. ಕಾಲ್ ಹತ್ತಿದ ಕೂಡಲೇ ಆ ಕಡೆಯವರು ಹುಬ್ಬಿನ ಮೇಲೆ ಬೆರಳು ಎಳೆದು ತೋರಿಸುತ್ತಾರೆ. ಸಣ್ಣವನಿದ್ದಾಗ ಬಿದ್ದು ಅವನ ಹುಬ್ಬಿನ ಮೇಲೆ ಗಾಯದ ಕಲೆ ಉಳಿದಿದೆ. ಅದನ್ನೇ ಹಂಗಿಸುತ್ತಾರೆ ಅಂತ ಅವ್ವನಿಗೆ ಸಿಟ್ಟು. ಕಿವಿ ಮಷೀನ್ ಹಾಕಿಕೋ ಅಂದರೆ ತೆಗೆದು ಬಿಸಾಕುತ್ತಾನೆ. ಸಂಬಂಧಿಕರೊಬ್ಬರು ‘ಕಾಕ್ಲಿಯರ್ ಆಪರೇಷನ್ ಮಾಡಿಸಿ, ಮಾತು ಬರುತ್ತದೆ’ ಅಂದಿದ್ದಾರೆ. ಅಪ್ಪ ಸಾಲ ಹುಡುಕುತ್ತಿದ್ದಾರೆ. ಅಪ್ಪ 30 ವರ್ಷದಿಂದ ಪವರ್‌ಲೂಮ್ ನಡೆಸುತ್ತಾರೆ. ಆಪರೇಷನ್ ಆಗದಿದ್ದರೆ ಅವನನ್ನೂ ಮಗ್ಗಕ್ಕೇ ಹಾಕುತ್ತಾರಂತೆ. ಅವನು ಮುಂದೆ ಓದಬಹುದಾ? ಇನ್ನೊಂದು ಮಾತು. ಅವ್ವನನ್ನು ಸ್ವಂತ ಸೋದರಮಾವನಿಗೇ ಕೊಟ್ಟಿದ್ದು. ನನಗೂ ಸೋದರತ್ತೆಯ ಮಗನನ್ನು ನೋಡುತ್ತಿದ್ದಾರೆ. ನನ್ನ ಮಕ್ಕಳಿಗೂ ಹೀಗೆ ಆಗುತ್ತದಾ? (ಹೆಸರು ಬೇಡ)

ಉತ್ತರ:

ತಂಗಿ, ಮೊದಲು ನಿಮ್ಮ ಅವ್ವನ ಸಿಟ್ಟು ಇಳಿಸೋಣ. ಹುಬ್ಬಿನ ಮೇಲೆ ಬೆರಳು ಎಳೆದು ಯಾರೂ ಅವನನ್ನು ಹಂಗಿಸುತ್ತಿಲ್ಲ. ಅದು ನಿಮ್ಮ ತಮ್ಮನ ಹೆಸರು.

ನೀವು ನಾಮಕರಣದಲ್ಲಿ ಇಟ್ಟ ಹೆಸರು ಇದೆಯಲ್ಲ, ಅದನ್ನು ಅವನು ಒಮ್ಮೆಯೂ ಕೇಳಿಲ್ಲ. ಹಾಜರಿ ಪುಸ್ತಕದಲ್ಲಿ, ಆಧಾರ್ ಕಾರ್ಡ್‌ನಲ್ಲಿ ನೋಡಿದ್ದಾನೆ ಅಷ್ಟೇ. ಕಿವುಡ ಮಕ್ಕಳು ಒಂದು ಕಡೆ ಸೇರಿದರೆ ಪ್ರತಿಯೊಬ್ಬರಿಗೂ ಒಂದು ಸನ್ನೆ ಹೆಸರು ಹುಟ್ಟುತ್ತದೆ. ಕೆನ್ನೆಯ ಗುಳಿ, ಗುಂಗುರು ಕೂದಲು, ನಡೆಯುವ ರೀತಿ, ಹೀಗೆ ಕಣ್ಣಿಗೆ ಮೊದಲು ಬೀಳುವುದರಿಂದ ಹೆಸರು. ನಮ್ಮೂರುಗಳಲ್ಲಿ ಮನೆತನಕ್ಕೆ ಅಡ್ಡಹೆಸರು ಬೀಳುವುದಿಲ್ಲವೇ, ಮೆಣಸಿನಕಾಯಿ, ಉಳ್ಳಾಗಡ್ಡಿ ಅಂತ? ಆ ಮನೆತನದವರು ಅದನ್ನು ಸಹಿಯಲ್ಲೇ ಬರೆಯುತ್ತಾರೆ. ಇದೂ ಹಾಗೇ. ನಾನು ಕಿವುಡ ಮಕ್ಕಳಿಗೆ ಪಾಠ ಮಾಡಲು ಸೇರಿದ ವಾರದಲ್ಲೇ ನನಗೂ ಒಂದು ಹೆಸರು ಬಿತ್ತು. ಮೂಗಿನ ತುದಿಗೆ ಜಾರಿದ ಕನ್ನಡಕವನ್ನು ಒಂದು ಬೆರಳಿನಿಂದ ಮೇಲೆ ತಳ್ಳುವುದು. ಈಗ ಕನ್ನಡಕದ ಫ್ರೇಮ್ ಬದಲಾಗಿದೆ, ಅದು ಜಾರುವುದೂ ಇಲ್ಲ. ಹೆಸರು ಮಾತ್ರ ಉಳಿದಿದೆ. ಬಾಗಲಕೋಟೆ ಬಸ್ ಸ್ಟ್ಯಾಂಡ್‌ನಲ್ಲಿ ಹಳೆಯ ವಿದ್ಯಾರ್ಥಿಗಳು ದೂರದಿಂದ ಹಾಗೇ ಕರೆಯುತ್ತಾರೆ.

ಅವನು ಗೆಳೆಯರಿಗೆ ಮನೆಯ ಸುದ್ದಿ ಹೇಳುವಾಗ ‘ಅಕ್ಕ’ ಅಂತ ನಿಮಗೂ ಒಂದು ಸನ್ನೆ ಇಟ್ಟಿರುತ್ತಾನೆ. ಏನದು ಅಂತ ಇವತ್ತೇ ಕೇಳಿ. ಸಿಟ್ಟಾಗಬೇಡಿ, ಕೆಲವೊಮ್ಮೆ ನಮಗೆ ಇಷ್ಟವಾಗದ ಹೆಸರೂ ಇರುತ್ತದೆ!

ಇನ್ನು ಅವನು ಮನೆಯಲ್ಲಿ ಬೆರೆಯಲ್ಲ ಅನ್ನುವ ವಿಷಯ. ಕನ್ನಡಿ ಮುಂದೆ ನಿಂತು, ದನಿ ಹೊರಡಿಸದೆ, ‘ಮರ’ ಅನ್ನಿ. ಆಮೇಲೆ ‘ಬರ’ ಅನ್ನಿ. ‘ಪರ’ ಅನ್ನಿ. ತುಟಿಯಲ್ಲಿ ಏನಾದರೂ ವ್ಯತ್ಯಾಸ ಕಾಣಿಸಿತಾ? ಇಲ್ಲ. ಪ, ಬ, ಮ ಮೂರಕ್ಕೂ ತುಟಿ ಒಂದೇ ಥರ ಮುಚ್ಚಿ ತೆರೆಯುತ್ತದೆ. ‘ಹಾಲು’ ಮತ್ತು ‘ಕಾಲು’ ನೋಡಿ. ಮೊದಲಕ್ಷರ ಗಂಟಲಲ್ಲೇ ಮುಗಿದುಹೋಗುತ್ತದೆ, ಹೊರಗೆ ಏನೂ ಕಾಣಲ್ಲ. ‘ತುಟಿ ನೋಡಿ ಅರ್ಥ ಮಾಡಿಕೊಳ್ಳುತ್ತಾನೆ’ ಅಂತ ನಾವು ಸಲೀಸಾಗಿ ಹೇಳುತ್ತೇವೆ. ಅದರಲ್ಲಿ ಊಹೆಯೇ ಜಾಸ್ತಿ. ಅದಕ್ಕೆ ಬಾಯಲ್ಲಿ ಎಲೆಅಡಿಕೆ ಇದ್ದರೆ, ಮೇಲೆ ದಪ್ಪ ಮೀಸೆ ಇದ್ದರೆ, ಬೆಳಕಿಗೆ ಬೆನ್ನು ಹಾಕಿ ಮಾತಾಡಿದರೆ ಊಹೆಯೂ ಕೆಡುತ್ತದೆ. ದಿನವಿಡೀ ಹೀಗೆ ಮುಖ ನೋಡಿ ನೋಡಿ ಸಂಜೆಗೆ ತಲೆನೋವು ಬರುತ್ತದೆ ಅಂತ ಎಷ್ಟೋ ಹುಡುಗರು ನನಗೆ ಹೇಳಿದ್ದಾರೆ.

ಊಟಕ್ಕೆ ಕೂತಾಗಿನ ಚಿತ್ರ ನೆನಪಿಸಿಕೊಳ್ಳಿ. ಅಪ್ಪ ನೂಲಿನ ದರ ಹೇಳುತ್ತಾರೆ, ಅವ್ವ ರೊಟ್ಟಿ ಹಾಕುತ್ತಾ ಅತ್ತೆ ಮನೆಯ ಸುದ್ದಿ ತೆಗೆಯುತ್ತಾರೆ, ನೀವು ಏನೋ ಅಂತೀರಿ, ಎಲ್ಲರೂ ನಗುತ್ತಾರೆ. ಅವನು ರೊಟ್ಟಿ ಮುರಿಯುವುದು ನಿಲ್ಲಿಸಿ, ಗದ್ದ ಎತ್ತಿ ‘ಏನು?’ ಅಂತ ಕೇಳುತ್ತಾನೆ. ನೀವು ಕೈ ಅಲ್ಲಾಡಿಸಿ ‘ಏನಿಲ್ಲ ಬಿಡು’ ಅಂತೀರಿ. ಕೆಟ್ಟ ಮನಸ್ಸಿನಿಂದಲ್ಲ, ಅಷ್ಟುದ್ದ ಯಾರು ಹೇಳುತ್ತಾ ಕೂರಬೇಕು ಅಂತ. ಆದರೆ ನಿಮ್ಮ ಮನೆಯಲ್ಲಿ ಅವನಿಗೆ ಅತಿ ಚೆನ್ನಾಗಿ ಅರ್ಥವಾಗುವ ಮಾತು ಯಾವುದು ಗೊತ್ತಾ? ಇದೇ ‘ಏನಿಲ್ಲ’. ರಜೆಗೆ ಬಂದಾಗಲೆಲ್ಲ ನೋಡಿದ್ದಾನೆ. ಈಗ ಕೇಳುವುದನ್ನೇ ಬಿಟ್ಟಿದ್ದಾನೆ. ಫೋನಿನ ಆ ಕಡೆ ಇರುವವರು ಮಾತ್ರ ‘ಏನಿಲ್ಲ’ ಅನ್ನಲ್ಲ. ಅದಕ್ಕೇ ರಾತ್ರಿ 12 ಗಂಟೆ ಆಗುವುದು.

ಆ ಫೋನನ್ನು ದಯವಿಟ್ಟು ಕಸಿದುಕೊಳ್ಳಬೇಡಿ. ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಶಾಲೆ ಮುಗಿಸಿ ಊರಿಗೆ ಹೋದ ಕಿವುಡ ಹುಡುಗನ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಹಳ್ಳಿಯಲ್ಲಿ ಅವನ ಭಾಷೆ ಬಲ್ಲವರು ಯಾರೂ ಇಲ್ಲ, ಪತ್ರ ಬರೆಯಲು ಕನ್ನಡ ಸರಿಯಾಗಿ ಬರಲ್ಲ. ವರ್ಷಕ್ಕೊಮ್ಮೆ ಬನಶಂಕರಿ ಜಾತ್ರೆಯಲ್ಲೋ ಯಾರದೋ ಮದುವೆಯಲ್ಲೋ ಹಳೆಯ ಗೆಳೆಯ ಸಿಕ್ಕರೆ ಉಂಟು. 2016ರ ನಂತರ ಡೇಟಾ ಅಗ್ಗವಾಯಿತು, ವಾಟ್ಸಾಪ್‌ನಲ್ಲಿ ವಿಡಿಯೋ ಕಾಲ್ ಬಂತು. ನಮಗೆ ಅದು ಸುಮ್ನೆ ಒಂದು ಅನುಕೂಲ. ಅವರಿಗೆ ಅದು ಮೊದಲ ಟೆಲಿಫೋನು. ನಮ್ಮ ಅಜ್ಜಂದಿರ ಕಾಲಕ್ಕೇ ಬಂದದ್ದು ಅವರಿಗೆ ಈಗ ಬಂದಿದೆ. ಒಂದು ದಿನ ಗಮನಿಸಿ: ಅವನು ಫೋನನ್ನು ತಂಬಿಗೆಗೋ ಹಿಟ್ಟಿನ ಡಬ್ಬಿಗೋ ಆನಿಸಿ ಇಡುತ್ತಾನೆ, ಎರಡೂ ಕೈ ಖಾಲಿ ಇರಬೇಕಲ್ಲ. ಮುಖದ ಮೇಲೆ ಬಲ್ಬಿನ ಬೆಳಕು ಬೀಳುವ ಹಾಗೆ ಕೂರುತ್ತಾನೆ. ಕರೆಂಟ್ ಹೋದರೆ ಅವನ ಮಾತೂ ಹೋಯಿತು. ಒಂದು ಚಾರ್ಜಿಂಗ್ ದೀಪ ತಂದುಕೊಡಿ. ರಾತ್ರಿ ನಿದ್ದೆಗೆಟ್ಟರೆ ಬೈಯಿರಿ, ಅದು ಬೇರೆ ಮಾತು. 17ರ ಹುಡುಗರನ್ನೆಲ್ಲ ಬೈಯಬೇಕಾಗುತ್ತದೆ.

ಈಗ ಮಷೀನ್. ನಿಮ್ಮ ಪತ್ರದ ಜೊತೆ ಆಡಿಯೋಗ್ರಾಮ್, ಅಂದರೆ ಕಿವಿ ಪರೀಕ್ಷೆಯ ನಕ್ಷೆ, ಇಲ್ಲ, ಆದ್ದರಿಂದ ನಿಖರವಾಗಿ ಹೇಳಲಾರೆ. ಆದರೂ ಹುಟ್ಟಿನಿಂದ ಏನೂ ಕೇಳಿಸಲ್ಲ ಅಂದರೆ ನಷ್ಟ 90 ಡೆಸಿಬಲ್ (ಸದ್ದಿನ ಅಳತೆ) ದಾಟಿರುವ ಸಂಭವ ಜಾಸ್ತಿ. ನಾವು ಎದುರುಬದುರು ಕೂತು ಆಡುವ ಮಾತು ಸುಮಾರು 60 ಡೆಸಿಬಲ್. ಮಷೀನ್ ಅದನ್ನು ಏರಿಸಿ ಕಿವಿಯೊಳಗೆ ಕಳಿಸುತ್ತದೆ, ನಿಜ. ಆದರೆ ಒಳಗಿವಿಯಲ್ಲಿ ಶಬ್ದವನ್ನು ಬಿಡಿಸಿ ನರಕ್ಕೆ ಕೊಡುವ ಸೂಕ್ಷ್ಮ ಕೂದಲು ಜೀವಕೋಶಗಳೇ ಕೆಟ್ಟಿದ್ದರೆ, ಏರಿಸಿ ಏನು ಮಾಡುವುದು? ಹಳೆಯ ರೇಡಿಯೋದಲ್ಲಿ ಸ್ಟೇಷನ್ ಸರಿಯಾಗಿ ಹತ್ತದೆ ಗೊರಗೊರ ಅನ್ನುವಾಗ ಸೌಂಡ್ ಜಾಸ್ತಿ ಮಾಡಿದಂತೆ. ಗೊರಗೊರ ದೊಡ್ಡದಾಗುತ್ತದೆ, ವಾರ್ತೆ ತಿಳಿಯಲ್ಲ. ಅದೂ ನಿಮ್ಮೂರಿನಲ್ಲಿ, ಓಣಿಗೊಂದು ಮಗ್ಗ ಬಡಿಯುವ ಕಡೆ! ಅವನು ಬಿಸಾಕುವುದು ಹಟಕ್ಕಲ್ಲ ಅಂತ ನನ್ನ ಅಂದಾಜು.

ಇನ್ನೊಂದು ಕಾರಣವೂ ಇರಬಹುದು. ಕಿವಿಗೆ ಕೂರುವ ಅಚ್ಚು ಯಾವಾಗ ಮಾಡಿಸಿದ್ದು? ಮಕ್ಕಳು ಬೆಳೆದ ಹಾಗೆ ಕಿವಿಯೂ ಬೆಳೆಯುತ್ತದೆ. ಅಚ್ಚು ಸಡಿಲವಾದರೆ ‘ಕುಂಯ್’ ಅಂತ ಸಿಳ್ಳೆ ಹೊಡೆಯುತ್ತದೆ. ಅವನಿಗೆ ಅದು ಕೇಳಿಸಲ್ಲ, ಪಕ್ಕದಲ್ಲಿದ್ದವರು ತಿರುಗಿ ನೋಡುವುದು ಕಾಣುತ್ತದೆ. ಆ ವಯಸ್ಸಿಗೆ ಅದಕ್ಕಿಂತ ನಾಚಿಕೆ ಬೇರೆ ಬೇಕಾ? ಒಮ್ಮೆ ಪರೀಕ್ಷೆ ಮಾಡಿಸಿ, ಹೊಸ ಅಚ್ಚು ಹಾಕಿಸಿ ನೋಡಿ. ಲಾರಿ ಹಾರ್ನ್, ನಾಯಿ ಬೊಗಳುವುದು, ಬಾಗಿಲು ಬಡಿಯುವುದು ತಿಳಿದರೆ ಹೊರಗೆ ಹೋಗುವಾಗ ಹಾಕಿಕೊಳ್ಳಲಿ. ಏನೂ ಪ್ರಯೋಜನ ಇಲ್ಲ ಅಂತ ಅವನೇ ಹೇಳಿದರೆ ನಂಬಿ. ಕಿವಿ ಅವನದು.

ಕಾಕ್ಲಿಯರ್ ಇಂಪ್ಲಾಂಟ್ ಬಗ್ಗೆ ಸ್ಪಷ್ಟವಾಗಿ ಹೇಳಿಬಿಡುತ್ತೇನೆ, ಯಾಕೆಂದರೆ ಸಾಲದ ಮಾತು ಬಂದಿದೆ. ಮಾಡಿಸಬೇಡಿ ಅನ್ನುವುದು ನನ್ನ ಅಭಿಪ್ರಾಯ. ಈ ಉಪಕರಣ ಕೆಟ್ಟ ಕೋಶಗಳನ್ನು ದಾಟಿ ನೇರವಾಗಿ ನರಕ್ಕೆ ವಿದ್ಯುತ್ ಸಂಕೇತ ಕೊಡುತ್ತದೆ. ಒಳಗೊಂದು ಭಾಗ, ಹೊರಗೆ ಕಿವಿಯ ಹಿಂದೆ ಒಂದು ಭಾಗ, ನಡುವೆ ಅಯಸ್ಕಾಂತ. ಅದ್ಭುತ ವಸ್ತು, ಅನುಮಾನವಿಲ್ಲ. ಆದರೆ ಸಂಕೇತ ಬಂದ ಮೇಲೆ ಅದನ್ನು ಮಾತು ಅಂತ ಗುರುತಿಸುವುದು ಮೆದುಳು. ಮೆದುಳಿನ ಆ ಭಾಗ ಶಬ್ದಕ್ಕಾಗಿ ಕಾಯುವುದು ಮೊದಲ ಕೆಲವು ವರ್ಷ ಮಾತ್ರ. ಆ ಹೊತ್ತಿಗೆ ಶಬ್ದ ಬರದಿದ್ದರೆ ಆ ಜಾಗವನ್ನು ನೋಟ ಮತ್ತಿತರ ಕೆಲಸಗಳು ಹಿಡಿದುಕೊಳ್ಳುತ್ತವೆ. ಹಾಗಾಗಿ ಹುಟ್ಟಿನಿಂದ ಕೇಳಿಸದವರಿಗೆ 17ರಲ್ಲಿ ಹಾಕಿದರೆ ಸದ್ದು ತಿಳಿಯಬಹುದು, ಮಾತು ಬಿಡಿಸಿಕೊಳ್ಳುವುದು ಬಹಳ ಕಷ್ಟ. ವಿಕಲಚೇತನರಿಗೆ ಉಪಕರಣ ಕೊಡುವ ಕೇಂದ್ರ ಸರ್ಕಾರದ ಅಡಿಪ್ ಯೋಜನೆ ಕೂಡ ಹುಟ್ಟು ಕಿವುಡಿರುವ ಮಕ್ಕಳಿಗೆ 5 ವರ್ಷದೊಳಗೆ ಮಾತ್ರ ಇದನ್ನು ಕೊಡುವುದು ಇದೇ ಕಾರಣಕ್ಕೆ. ಮೇಲಾಗಿ ಖರ್ಚು ಆಪರೇಷನ್‌ಗೆ ಮುಗಿಯಲ್ಲ. ಬ್ಯಾಟರಿ, ಕೇಬಲ್, ರಿಪೇರಿ, ವರ್ಷಗಟ್ಟಲೆ ತರಬೇತಿ ಎಲ್ಲ ಬೆನ್ನಿಗೇ ಇರುತ್ತವೆ.

ಇದನ್ನು ಓದುವ ಬೇರೆಯವರು ತಪ್ಪು ತಿಳಿಯಬಾರದು. ಮನೆಯಲ್ಲಿ ಕೇಳಿಸದ ಕೂಸು ಇದ್ದು, ಅದಕ್ಕಿನ್ನೂ ಒಂದೆರಡು ವರ್ಷವಾಗಿದ್ದರೆ, ನಾಳೆಯೇ ಹೊರಡಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೋ ಹತ್ತಿರದ ಜಿಲ್ಲಾ ಆಸ್ಪತ್ರೆಗೋ ಹೋಗಿ. ಮಾತು ಕಲಿತ ಮೇಲೆ ಜ್ವರ ಬಂದೋ ಅಪಘಾತವಾಗಿಯೋ ಕಿವಿ ಕಳೆದುಕೊಂಡ ದೊಡ್ಡವರಿಗೂ ಇಂಪ್ಲಾಂಟ್ ಒಳ್ಳೆಯ ಫಲ ಕೊಡುತ್ತದೆ. ಆದರೆ ಆ ಕೂಸಿಗೂ ಸನ್ನೆ ತಪ್ಪಿಸಬೇಡಿ. ಮಷೀನ್ ಬರುವ ತನಕ, ಬಂದ ಮೇಲೆ ಪಳಗುವ ತನಕ, ಕೂಸು ಯಾವ ಭಾಷೆಯೂ ಇಲ್ಲದೆ ಕೂರಬಾರದು.

ಸನ್ನೆ ಕಲಿತರೆ ಬಾಯಿಮಾತು ಬರಲ್ಲ ಅನ್ನುವ ಹೆದರಿಕೆ ಹಳೆಯದು. 1880ರಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ಕಿವುಡರ ಶಿಕ್ಷಕರ ಸಮಾವೇಶ ನಡೆಯಿತು. ಅಲ್ಲಿ ಸೇರಿದವರು ಬಹುತೇಕ ಎಲ್ಲರೂ ಕೇಳಿಸುವವರೇ. ಶಾಲೆಗಳಲ್ಲಿ ಸನ್ನೆ ಬೇಡ, ಬಾಯಿಮಾತೇ ಸಾಕು ಅಂತ ನಿರ್ಣಯ ಮಾಡಿದರು. ಅದರ ನೆರಳು ದೇಶದೇಶಗಳ ಮೇಲೆ ನೂರು ವರ್ಷ ಬಿತ್ತು. 2010ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಅದೇ ಸಮಾವೇಶದ ಮುಂದುವರಿದ ಸಭೆ ಆ ನಿರ್ಣಯವನ್ನು ತಳ್ಳಿಹಾಕಿ ವಿಷಾದ ಹೇಳಿತು. 130 ವರ್ಷ ಬೇಕಾಯಿತು ನೋಡಿ.

ಆ ನೆರಳಿನಲ್ಲಿ ನಾನೂ ನಿಂತಿದ್ದೆ. ಹೊಸದಾಗಿ ಸೇರಿದ ಶಾಲೆಯಲ್ಲಿ ಹಿರಿಯ ಶಿಕ್ಷಕರು ನನ್ನ ಕೈಗೆ ಒಂದು ರೂಲು ಕಟ್ಟಿಗೆ ಕೊಟ್ಟು, ಮಕ್ಕಳು ಕೈ ಆಡಿಸಿದರೆ ಡೆಸ್ಕಿನ ಮೇಲೆ ಬಡಿಯಿರಿ ಅಂದರು. ಸದ್ದು ಕೇಳಿಸದಿದ್ದರೂ ಹಲಗೆಯ ನಡುಕ ಮಕ್ಕಳ ಮೊಣಕೈಗೆ ತಾಗುತ್ತಿತ್ತು. ನಮ್ಮ ಶಾಲೆಗಳಲ್ಲಿ ‘ಕೈಕಟ್ಟು ಬಾಯ್ಮುಚ್ಚು’ ಅನ್ನುತ್ತೇವಲ್ಲ? ಆ ಮಕ್ಕಳಿಗೆ ಎರಡೂ ಒಂದೇ. ಕೈ ಕಟ್ಟಿಸಿದರೆ ಬಾಯಿ ಮುಚ್ಚಿಸಿದಂತೆ. ನಾನು ಒಂದು ವರ್ಷ ಹಾಗೆ ಬಡಿದಿದ್ದೇನೆ. ಬೆನ್ನು ತಿರುಗಿಸಿ ಬೋರ್ಡಿನ ಮೇಲೆ ಬರೆಯುವಾಗ ಹಿಂದೆ ಮಕ್ಕಳು ಸನ್ನೆಯಲ್ಲಿ ಪಾಠವನ್ನು ಒಬ್ಬರಿಗೊಬ್ಬರು ಹೇಳಿಕೊಡುತ್ತಿದ್ದರು. ಒಂದು ದಿನ ಕಿಟಕಿಯ ಗಾಜಿನಲ್ಲಿ ಅದು ಕಂಡಿತು. ಏಳನೇ ತರಗತಿಯ ಹುಡುಗಿಯೊಬ್ಬಳು ನಾನು ಅರ್ಧ ಗಂಟೆ ಒದ್ದಾಡಿದ ಭಿನ್ನರಾಶಿಯನ್ನು, ರೊಟ್ಟಿ ಮುರಿಯುವ ಹಾಗೆ ಕೈಯಲ್ಲೇ ಮುರಿದು, ಎರಡು ನಿಮಿಷದಲ್ಲಿ ತಿಳಿಸಿಬಿಟ್ಟಳು. ನನ್ನ ಮೊದಲ ಸನ್ನೆ ಗುರು ಅವಳೇ.

ಭಾರತೀಯ ಸನ್ನೆ ಭಾಷೆಗೆ ತನ್ನದೇ ವ್ಯಾಕರಣ ಇದೆ. ಕಾಲ ಸೂಚಿಸುವ ಪದ ಮೊದಲು ಬರುತ್ತದೆ, ಪ್ರಶ್ನೆಯ ಪದ ಕೊನೆಗೆ. ‘ಇಲ್ಲ’ ಅನ್ನುವುದೂ ಕೊನೆಗೇ, ನಮ್ಮ ಕನ್ನಡದ ಹಾಗೆ. ಹುಬ್ಬು, ಕಣ್ಣು, ಗದ್ದ ಎಲ್ಲವೂ ವ್ಯಾಕರಣದ ಭಾಗ. ಒಂದೇ ಕೈಸನ್ನೆ ಹುಬ್ಬೇರಿಸಿದರೆ ಪ್ರಶ್ನೆ, ಸುಮ್ನೆ ಇದ್ದರೆ ಹೇಳಿಕೆ. ಇಂಗ್ಲಿಷ್ ಅಕ್ಷರಗಳನ್ನು ಎರಡೂ ಕೈಯಲ್ಲಿ ತೋರಿಸುತ್ತಾರೆ. ಎ, ಇ, ಐ, ಓ, ಯು ಐದೂ ಎಡಗೈಯ ಐದು ಬೆರಳ ತುದಿಯಲ್ಲಿ, ಹೆಬ್ಬೆರಳಿನಿಂದ ಕಿರುಬೆರಳಿನವರೆಗೆ ಸಾಲಾಗಿ. ನೀವು ಈ ಸಂಜೆಯೇ ಕಲಿಯಬಹುದು.

ಅವನ ವಾಟ್ಸಾಪ್ ಮೆಸೇಜ್ ನೋಡಿ ನೀವು ನಕ್ಕಿರಬಹುದು. ‘ನಾಳೆ ನಾನು ಬೆಳಗಾವಿ ಬಸ್ ಹೋಗು ಗೆಳೆಯ ಭೇಟಿ’ ಅಂತ ಬರೆಯುವ ಹುಡುಗರನ್ನು ದಿನಾ ನೋಡುತ್ತೇನೆ. ‘ನಾಳೆ’ ಮೊದಲು ಬಂದದ್ದು ಗಮನಿಸಿದಿರಾ? ಸನ್ನೆಯ ಕ್ರಮ ಅದು. ಬಿಟ್ಟುಹೋದದ್ದು ಏನು? ಗೆ, ಅಲ್ಲಿ, ಅನ್ನು. ಈ ಪ್ರತ್ಯಯಗಳು ನಮಗೆ ಕಿವಿಯಲ್ಲಿ ಬಿದ್ದು ಬಿದ್ದು ಬಂದವು, ಯಾರೂ ಕಲಿಸಲಿಲ್ಲ. ‘ಹೋಗಿಬಿಟ್ಟಿದ್ದಾನಂತೆ’ ಅನ್ನುವ ಒಂದೇ ಪದದಲ್ಲಿ ನಾವು ನಾಲ್ಕು ಸಂಗತಿ ತುರುಕುತ್ತೇವೆ. ಒಮ್ಮೆಯೂ ಕೇಳದವನು ಅದನ್ನು ಕಾಗದದ ಮೇಲಿಂದ ಬಿಡಿಸಿಕೊಳ್ಳಬೇಕು. ಅವನಿಗೆ ಕನ್ನಡ ಎರಡನೇ ಭಾಷೆ. ದಡ್ಡತನಕ್ಕೂ ಇದಕ್ಕೂ ಸಂಬಂಧ ಇಲ್ಲ. ತಿದ್ದಿ ಕಳಿಸಿ, ನಗಬೇಡಿ.

ನೀವು ಕಲಿಯುವುದು ಎಲ್ಲಿಂದ? ಮೊದಲ ಗುರು ಮನೆಯಲ್ಲೇ ಇದ್ದಾನೆ. ಜೊತೆಗೆ ದೆಹಲಿಯ ಭಾರತೀಯ ಸಂಜ್ಞಾ ಭಾಷಾ ಸಂಶೋಧನಾ ಮತ್ತು ತರಬೇತಿ ಕೇಂದ್ರ, 2015ರಲ್ಲಿ ಶುರುವಾದದ್ದು, ಒಂದು ವಿಡಿಯೋ ನಿಘಂಟು ಮಾಡಿದೆ. 2018ರಲ್ಲಿ 3000 ಪದ ಇತ್ತು, 2021ಕ್ಕೆ 10,000 ಆಯಿತು. ಉಚಿತವಾಗಿ ನೋಡಬಹುದು. ಅದೇ ಸಂಸ್ಥೆಯ ‘ಸೈನ್ ಲರ್ನ್’ ಅನ್ನುವ ಆ್ಯಪ್ ಇದೆ. ಕೇಂದ್ರ ಸರ್ಕಾರದ ಪಾಠದ ಟಿವಿ ಪಿಎಂ ಇ-ವಿದ್ಯಾದ 31ನೇ ಚಾನೆಲ್ 2024ರ ಡಿಸೆಂಬರ್‌ನಿಂದ ಪೂರ್ತಿ ಸನ್ನೆ ಭಾಷೆಗೇ ಮೀಸಲು. ಒಂದು ಎಚ್ಚರಿಕೆ: ನಿಘಂಟಿನ ಸನ್ನೆಗೂ ಅವನ ಹಾಸ್ಟೆಲ್‌ನ ಸನ್ನೆಗೂ ಕೆಲವು ಕಡೆ ತಾಳೆ ಆಗಲ್ಲ. ಧಾರವಾಡದ ಕನ್ನಡಕ್ಕೂ ಮಂಗಳೂರ ಕನ್ನಡಕ್ಕೂ ಆಗುತ್ತದಾ? ಅವನು ಹೇಳಿದ್ದೇ ಸರಿ ಅಂತ ಹಿಡಿಯಿರಿ.

ಮಾತನ್ನು ಬರಹ ಮಾಡುವ ‘ಲೈವ್ ಟ್ರಾನ್ಸ್‌ಕ್ರೈಬ್’ ಆ್ಯಪ್ ಕೂಡ ಕನ್ನಡದಲ್ಲಿ ಸಿಗುತ್ತದೆ. ಡಾಕ್ಟರ್ ಹತ್ತಿರ, ಬ್ಯಾಂಕಿನಲ್ಲಿ ಉಪಯೋಗಕ್ಕೆ ಬರುತ್ತದೆ. ನಮ್ಮ ಕಡೆಯ ಮಾತು ಅದಕ್ಕೆ ಅಷ್ಟಾಗಿ ಹತ್ತಲ್ಲ. ನಾನು ‘ಹೊಂಟೇನಿ’ ಅಂದರೆ ಅದು ಇನ್ನೇನೋ ಬರೆದು ಕೂರುತ್ತದೆ. ಪುಸ್ತಕದ ಕನ್ನಡ ಮಾತಾಡಿದರೆ ಮರ್ಯಾದೆಯಿಂದ ಬರೆಯುತ್ತದೆ.

ಓದಿನ ವಿಷಯ. ಖಂಡಿತ ಓದಬಹುದು. ಮೈಸೂರಿನಲ್ಲಿ ವಿಕಲಚೇತನರಿಗೆಂದೇ ನಡೆಯುವ ಜೆಎಸ್‌ಎಸ್ ಪಾಲಿಟೆಕ್ನಿಕ್ ಇದೆ. ಎಸ್ಸೆಸ್ಸೆಲ್ಸಿ ಆದವರಿಗೆ ಡಿಪ್ಲೊಮಾ. ಕಿವುಡ ಹುಡುಗರ ದೊಡ್ಡ ಗುಂಪೇ ಅಲ್ಲಿ ಸಿಗುತ್ತದೆ, ಅದೂ ಮುಖ್ಯ. ದೂರ ಅನ್ನಿಸಿದರೆ ಹತ್ತಿರದಲ್ಲೇ ಐಟಿಐ ಅಥವಾ ಪಿಯುಸಿ. ಆದರೆ ಸಾಮಾನ್ಯ ಕಾಲೇಜಿನಲ್ಲಿ ಸನ್ನೆ ಬಲ್ಲವರು ಸಿಗುವುದು ಅಪರೂಪ. 60 ಹುಡುಗರ ನಡುವೆ ಬೋರ್ಡ್ ನೋಡುತ್ತಾ ಒಬ್ಬನೇ ಕೂರಬೇಕಾಗುತ್ತದೆ. ಸೇರಿಸುವ ಮೊದಲು ಪ್ರಿನ್ಸಿಪಾಲರನ್ನು ಕಂಡು, ನೋಟ್ಸ್ ಮೊದಲೇ ಕೊಡುತ್ತೀರಾ ಅಂತ ಕೇಳಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಎರಡನೇ ಮೂರನೇ ಭಾಷೆಯಿಂದ ವಿನಾಯಿತಿ ಇಂಥ ಬದಲಾವಣೆಗಳನ್ನು ಮಾಡಬೇಕು ಅನ್ನುತ್ತದೆ. ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇ 5 ಸೀಟು, ಸರ್ಕಾರಿ ಕೆಲಸದಲ್ಲಿ ಶೇ 4 ಮೀಸಲು. ಆ ನಾಲ್ಕರಲ್ಲಿ 1 ಕಿವುಡರಿಗೆ ಮತ್ತು ಕಡಿಮೆ ಕೇಳಿಸುವವರಿಗೆ. ಎಲ್ಲಕ್ಕೂ ಯುಡಿಐಡಿ ಕಾರ್ಡ್, ಅಂದರೆ ವಿಕಲಚೇತನರ ಗುರುತಿನ ಚೀಟಿ, ಬೇಕು. ಇನ್ನೂ ಮಾಡಿಸಿಲ್ಲದಿದ್ದರೆ ನಿಮ್ಮ ನಗರಸಭೆಯಲ್ಲಿ ವಿಕಲಚೇತನರ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ, ವಿಚಾರಿಸಿ.

12ನೇ ತರಗತಿ ಮುಗಿಸಿದರೆ ಸನ್ನೆ ಭಾಷೆ ಕಲಿಸುವ ಶಿಕ್ಷಕನಾಗಲು ಕಿವುಡರಿಗೆಂದೇ ಒಂದು ಡಿಪ್ಲೊಮಾ ಇದೆ. ನಿಮ್ಮಂಥ ಕೇಳಿಸುವವರಿಗೆ ದುಭಾಷಿ ಆಗುವ 2 ವರ್ಷದ ಡಿಪ್ಲೊಮಾ ಬೇರೆ ಇದೆ. ನೀವು ಏನು ಓದಿದ್ದೀರೋ ಬರೆದಿಲ್ಲ. ನಮ್ಮ ಸುತ್ತಲಿನ ಜಿಲ್ಲೆಗಳಲ್ಲಿ ಪೊಲೀಸ್ ಠಾಣೆಗೋ ಆಸ್ಪತ್ರೆಗೋ ದುಭಾಷಿ ಬೇಕೆಂದರೆ ನಾವು ಯಾರಿಗೆಲ್ಲ ಫೋನ್ ಹಚ್ಚುತ್ತೇವೆ ಅನ್ನುವುದು ನಿಮಗೆ ಗೊತ್ತಿಲ್ಲ! ಸುಮ್ನೆ ತಲೆಯಲ್ಲಿಡಿ. ದುಭಾಷಿ ಇದ್ದರೆ ಏನಾಗುತ್ತದೆ ಅನ್ನುವುದಕ್ಕೆ ಒಂದೇ ಉದಾಹರಣೆ ಸಾಕು. ಬೆಂಗಳೂರಿನ ವಕೀಲೆ ಸಾರಾ ಸನ್ನಿ ಅವರಿಗೆ ಕೇಳಿಸಲ್ಲ. 2023ರಲ್ಲಿ ಸುಪ್ರೀಂ ಕೋರ್ಟ್‌ನಲ್ಲಿ, 2024ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್‌ನಲ್ಲಿ ಸನ್ನೆ ದುಭಾಷಿಯ ಮೂಲಕವೇ ಹಾಜರಾದರು.

ಮಗ್ಗದ ಬಗ್ಗೆ ಬೇಡ ಅಂತ ಹೇಳಲು ನನಗೆ ಬಾಯಿ ಬರಲ್ಲ. ಒಮ್ಮೆ ನಿಮ್ಮೂರಿನ ಶೆಡ್ ಒಂದಕ್ಕೆ ಹೋಗಿದ್ದೆ. ಹತ್ತಾರು ಮಗ್ಗ ಒಟ್ಟಿಗೆ ಬಡಿಯುತ್ತಿದ್ದವು. ನೇಕಾರರೊಬ್ಬರು ಎರಡು ಬೆರಳು ಎತ್ತಿದರು, ಹುಡುಗ ನೂಲು ಸುತ್ತಿದ ಎರಡು ಕಂಡಿಕೆ ತಂದುಕೊಟ್ಟ. ಹೆಬ್ಬೆರಳನ್ನು ತುಟಿಗೆ ತಂದರು, ಚಹಾ ಬಂತು. ಆ ಮೂಲೆಯಿಂದ ಯಾರೋ ಬೆರಳುಗಳನ್ನು ಕತ್ತರಿ ಮಾಡಿ ತೋರಿಸಿದರು, ಇವರು ಓಡಿಹೋಗಿ ಹರಿದ ಎಳೆ ಗಂಟು ಹಾಕಿದರು. ಶೆಡ್‌ನಲ್ಲಿ ಗಂಟಲು ಹರಿದುಕೊಂಡು ಕಿರುಚುತ್ತಿದ್ದವನು ನಾನೊಬ್ಬನೇ. ನಿಮ್ಮ ತಮ್ಮನಿಗೆ ಆ ಜಾಗ ಪರಕೀಯವಲ್ಲ. ಅಲ್ಲಿ ಎಲ್ಲರೂ ಅರ್ಧ ಅವನ ಭಾಷೆಯವರೇ. ಆದರೆ ಅವನನ್ನು ಕೇಳಿದ್ದೀರಾ? ‘ಇವನಿಗೆ ಇನ್ನೇನು ಆಗುತ್ತದೆ’ ಅಂತ ಮಗ್ಗಕ್ಕೆ ಹಾಕುವುದಕ್ಕೂ, ಡಿಸೈನ್ ಕಲಿತು ಬಂದು ಅಪ್ಪನ ಮಗ್ಗ ನಡೆಸುತ್ತೇನೆ ಅಂತ ಅವನೇ ಬರುವುದಕ್ಕೂ ಬಹಳ ಅಂತರ ಇದೆ.

ಮಗ್ಗದ ಮಾತು ಬಂದಿತು ಅಂತ ಇದನ್ನೂ ಕೇಳುತ್ತೇನೆ. ನಿಮ್ಮ ಅಪ್ಪ ಟಿವಿ ಸೌಂಡ್ ಎಷ್ಟಿಡುತ್ತಾರೆ? ಎರಡು ಸಲ ಕರೆದರೆ ತಿರುಗುತ್ತಾರಾ? ದಿನಕ್ಕೆ 8 ಗಂಟೆ 85 ಡೆಸಿಬಲ್ ಮೇಲಿನ ಸದ್ದಿನಲ್ಲಿ ವರ್ಷಗಟ್ಟಲೆ ಇದ್ದರೆ ಕಿವಿ ಸವೆಯುತ್ತದೆ. ಪವರ್‌ಲೂಮ್ ಶೆಡ್ ಅದನ್ನು ಸಲೀಸಾಗಿ ದಾಟುತ್ತದೆ. ಮೊದಲು ಹೋಗುವುದು ಸ, ಶ, ಚ ಇಂಥ ತೆಳು ಸದ್ದುಗಳು. ಹೋದದ್ದು ಮರಳಿ ಬರಲ್ಲ. ಮಗನ ಪರೀಕ್ಷೆ ಮಾಡಿಸುವ ದಿನವೇ ಅಪ್ಪನ ಕಿವಿಯನ್ನೂ ತೋರಿಸಿ. ಅರಳೆ ತುರುಕಿದರೆ ಸಾಲದು, ಸರಿಯಾದ ಇಯರ್ ಪ್ಲಗ್ ಬೇಕು. ಅವರಿಗೆ ಹಿಯರಿಂಗ್ ಏಡ್‌ನಿಂದ ಒಳ್ಳೆಯ ಫಲ ಸಿಗಬಹುದು, ಯಾಕೆಂದರೆ ಅವರ ಮೆದುಳಿಗೆ ಮಾತು ಗೊತ್ತು. ಮನೆಯಲ್ಲಿ ಮಷೀನ್ ಹಾಕಿಕೊಳ್ಳಬೇಕಾದವರು ಮಗನಲ್ಲ, ಅಪ್ಪನೇ ಇರಬಹುದು. ಹೀಗೆ ಎಷ್ಟೋ ಮನೆಗಳಲ್ಲಿ ಆಗಿದೆ.

ಊರಿನಲ್ಲಿ ಅವನನ್ನು ‘ಮೂಗ’ ಅಂತ ಕರೆಯುತ್ತಾರಾ? ನೀವು ಬರೆದಿಲ್ಲ, ಆದರೆ ಕರೆಯುತ್ತಿರುತ್ತಾರೆ. ಅವನಿಗೆ ದನಿ ಇದೆ, ಭಾಷೆ ಇದೆ. ಮೂಗ ಅನ್ನುವುದು ತಪ್ಪು ಮಾತು. ‘ಕಿವುಡ’ ಅನ್ನುವುದು ಬೈಗುಳ ಅಂತ ನಮಗೆ ಅನ್ನಿಸುತ್ತದೆ. ಅವರಲ್ಲಿ ಅನೇಕರು ಅದನ್ನು, ಅಥವಾ ಡೆಫ್ ಅನ್ನುವುದನ್ನು, ಧೈರ್ಯವಾಗಿ ತಮ್ಮ ಗುರುತು ಅಂತಲೇ ಹೇಳುತ್ತಾರೆ. ಕುಸ್ತಿ ನೋಡುವ ಮನೆಯಾದರೆ ಹರಿಯಾಣದ ವೀರೇಂದರ್ ಸಿಂಗ್ ಗೊತ್ತಿರಬಹುದು. ಕಣದಲ್ಲಿ ಅವರ ಹೆಸರೇ ಗೂಂಗಾ ಪೈಲ್ವಾನ್, ಮೂಗ ಪೈಲ್ವಾನ ಅಂತ. ಕಿವುಡರ ಒಲಿಂಪಿಕ್ಸ್ ಆದ ಡೆಫ್‌ಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದು, 2021ರಲ್ಲಿ ಪದ್ಮಶ್ರೀ ಪಡೆದರು. ಪಡೆದ ಮರುದಿನವೇ ಆ ಪದಕ ಹಿಡಿದು ದೆಹಲಿಯ ಹರಿಯಾಣ ಭವನದ ಮುಂದೆ ಫುಟ್‌ಪಾತ್ ಮೇಲೆ ಕೂತರು, ಕಿವುಡ ಆಟಗಾರರಿಗೂ ಪ್ಯಾರಾ ಆಟಗಾರರ ಸಮನಾದ ಹಕ್ಕು ಕೊಡಿ ಅಂತ. ಈ ಸುದ್ದಿ ತಮ್ಮನಿಗೆ ನಿಮಗಿಂತ ಮೊದಲೇ ಗೊತ್ತಿರುತ್ತದೆ, ಕೇಳಿ ನೋಡಿ.

ಹಾಂ, 18 ತುಂಬಿದ ಮೇಲೆ ಬೈಕ್ ಕೇಳುತ್ತಾನೆ. ಕಿವುಡರಿಗೆ ಲೈಸೆನ್ಸ್ ಸಿಗಲ್ಲ ಅನ್ನುವುದು ಹಳೆಯ ಮಾತು. 2011ರ ದೆಹಲಿ ಹೈಕೋರ್ಟ್ ಆದೇಶದ ನಂತರ ದಾರಿ ತೆರೆದಿದೆ. ಟೆಸ್ಟ್ ಪಾಸಾದರೆ ಆಯಿತು.

ಕೊನೆಯದು ನಿಮ್ಮ ಸ್ವಂತ ಪ್ರಶ್ನೆ. ಹುಟ್ಟು ಕಿವುಡಿಗೆ ಕಾರಣ ಹಲವು. ಬಸುರಿದ್ದಾಗ ತಾಯಿಗೆ ರುಬೆಲ್ಲಾ ಸೋಂಕು, ತಿಂಗಳು ತುಂಬದ ಹೆರಿಗೆ, ಹುಟ್ಟಿದ ಕೂಸಿಗೆ ಜೋರು ಕಾಮಾಲೆ, ಇವೂ ಇರಬಹುದು. ಆದರೆ ಸೋದರಮಾವನ ಮದುವೆ ಇದ್ದಲ್ಲಿ ವಂಶವಾಹಿಯ ಕಾರಣವನ್ನು ಮೊದಲು ಅನುಮಾನಿಸಬೇಕು. ಅಪ್ಪ ಅವ್ವ ಇಬ್ಬರಲ್ಲೂ ವಂಶವಾಹಿಯ ಒಂದೇ ದೋಷ ಸುಮ್ನೆ ಕೂತಿದ್ದರೆ ಪ್ರತಿ ಬಸಿರಿನಲ್ಲೂ ಕೂಸಿಗೆ ಕಿವಿ ಕೇಳಿಸದಿರುವ ಸಂಭವ ನಾಲ್ಕರಲ್ಲಿ ಒಂದು ಪಾಲು. ಹಾಗಿದ್ದರೆ, ಕೇಳಿಸುವ ನಿಮ್ಮಲ್ಲೂ ಅದು ಒಂಟಿಯಾಗಿ ಇರುವ ಸಂಭವ ಮೂರರಲ್ಲಿ ಎರಡು. ನಿಮಗೆ ಅದರಿಂದ ಏನೂ ಆಗಲ್ಲ. ಸೋದರತ್ತೆಯ ಮಗನಲ್ಲೂ ಅದೇ ಇದ್ದರೆ ಮಾತ್ರ ಲೆಕ್ಕ ಬೇರೆ, ಮತ್ತು ಒಂದೇ ಮನೆತನ ಆದ್ದರಿಂದ ಹೊರಗಿನವರಿಗಿಂತ ಅವರಲ್ಲಿ ಇರುವ ಸಂಭವ ಜಾಸ್ತಿ. ನಿಶ್ಚಯಕ್ಕೆ ಮೊದಲು ತಮ್ಮನ ರಕ್ತದ ವಂಶವಾಹಿ ಪರೀಕ್ಷೆ ಮಾಡಿಸಿ, ತಜ್ಞರ ಸಲಹೆ ಕೇಳಿ. ನಾಳೆ ತಮ್ಮ ಕಿವುಡ ಹುಡುಗಿಯನ್ನೇ ಮದುವೆಯಾದರೂ ಮಕ್ಕಳು ಕಿವುಡರೇ ಆಗಬೇಕಂತ ಇಲ್ಲ. ಇಬ್ಬರ ಕಾರಣ ಬೇರೆ ಬೇರೆ ಇದ್ದರೆ ಸಾಮಾನ್ಯವಾಗಿ ಕೇಳಿಸುವ ಮಕ್ಕಳೇ ಹುಟ್ಟುತ್ತಾರೆ. ನಿಮಗೆ ಯಾವ ಕೂಸು ಹುಟ್ಟಿದರೂ ಮೊದಲ ತಿಂಗಳಲ್ಲೇ ಕಿವಿ ಪರೀಕ್ಷೆ ಮಾಡಿಸಿ. ಅದಕ್ಕೆ ಕೇಳಿಸದೇ ಹೋದರೆ? ಸನ್ನೆ ಬಲ್ಲ ಸೋದರಮಾವ ಆ ಮನೆಯಲ್ಲಿ ಮೊದಲೇ ಇರುತ್ತಾನೆ. ನಿಮ್ಮ ತಮ್ಮನಿಗೆ ಅಂಥವರು ಯಾರೂ ಇರಲಿಲ್ಲ.

ಬಾಗಲಕೋಟೆಗೆ ಒಂದು ಭಾನುವಾರ ಬನ್ನಿ. ಹಳೆಯ ಆಡಿಯೋಗ್ರಾಮ್, ಮಾರ್ಕ್ಸ್ ಕಾರ್ಡ್, ಅವನು ಬಿಸಾಕಿದ ಮಷೀನ್ ತನ್ನಿ. ಅಪ್ಪನನ್ನೂ ಅವ್ವನನ್ನೂ ಕರೆತನ್ನಿ. ತಮ್ಮನನ್ನಂತೂ ಬಿಟ್ಟು ಬರಬೇಡಿ. ಅವನ ವಿಷಯ ಅವನಿಲ್ಲದೆ ಮಾತಾಡಲು ನನಗೆ ಇಷ್ಟ ಇಲ್ಲ. ಮೊದಲ ಅರ್ಧ ಗಂಟೆ ನಾನು ಅವನ ಜೊತೆ ಸನ್ನೆಯಲ್ಲಿ ಮಾತಾಡುತ್ತೇನೆ. ನೀವು ಮೂವರೂ ಅಲ್ಲೇ ಕೂತಿರಿ. ನಾವಿಬ್ಬರೂ ನಗುವಾಗ ನಿಮಗೆ ಏನೂ ತಿಳಿಯಲ್ಲ. ಆಗ ‘ಏನಂತೆ?’ ಅಂತ ಕೇಳಿ. ನಾನು ‘ಏನಿಲ್ಲ’ ಅನ್ನಲ್ಲ, ಹೇಳುತ್ತೇನೆ.